ನಮ್ಮ ಮತವನ್ನು ತಡೆಹಿಡಿದವರು ಯಾರು?

ಮಂಡ್ಯ, ಮದ್ದೂರು, ಮಳವಳ್ಳಿಯ ಬಂಧುಗಳೇ, ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು? ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು? ಹೆಸರು ಹೊಳೆಯದಿದ್ದರೆ ಅದು ಮರೆವಲ್ಲ. 2016ರ ಫೆಬ್ರುವರಿಯಲ್ಲಿ ನೀವು ಆರಿಸಿದವರ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಆ ಕುರ್ಚಿಗೆ ಬಂದವರು ಆಡಳಿತಾಧಿಕಾರಿಗಳು.

ಈ ಕುರ್ಚಿ ಸುಮ್ಮನೆ ಸಿಕ್ಕಿದ್ದಲ್ಲ. 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದ ಸಚಿವ ಅಬ್ದುಲ್ ನಜೀರ್ ಸಾಬ್ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿಗಳ ಮಸೂದೆ ತಂದರು. ವಿಧಾನಮಂಡಲ ಒಪ್ಪಿತು. ರಾಷ್ಟ್ರಪತಿಯವರ ಅಂಕಿತ ಮಾತ್ರ ಬಾಕಿ. ಬೆಂಗಳೂರಿನಲ್ಲಿ ಜನತಾ ಪಕ್ಷ, ದಿಲ್ಲಿಯಲ್ಲಿ ಕಾಂಗ್ರೆಸ್. ರಾಷ್ಟ್ರಪತಿ ಜೈಲ್ ಸಿಂಗ್ ಅವರು ಸಹಿ ಹಾಕಬೇಕಾದದ್ದೋ ಕೇಂದ್ರ ಸಂಪುಟದ ಸಲಹೆಯಂತೆ. ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಬಂದದ್ದಾದರೂ ಎಂಥ ವ್ಯವಸ್ಥೆ! ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ನಾಲ್ಕರಲ್ಲೊಂದು ಸ್ಥಾನ ಹೆಣ್ಣುಮಕ್ಕಳಿಗೆ. ಶಾಸಕರ ಗಂಟಲಲ್ಲಿ ಇದು ಇಳಿಯಲಿಲ್ಲ ಎಂದೇ ನನ್ನ ಎಣಿಕೆ. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು. ಇಂಥ ಚಾಳಿಗೆ ಕಡಿವಾಣವಾಗಿ ಸಂವಿಧಾನದ 73ನೇ ತಿದ್ದುಪಡಿ ಬಂತು. ಅವಧಿ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಎಂದು 243-ಇ ವಿಧಿ ಕಟ್ಟಪ್ಪಣೆ ಮಾಡಿದೆ.

2021ರಲ್ಲಿ ಆ ಅಪ್ಪಣೆ ಮುರಿದದ್ದು ದಿಲ್ಲಿಯಲ್ಲ. ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಕಿತ್ತು, ಕಾಯ್ದೆ ತಿದ್ದಿ, ಬೇರೊಂದು ಆಯೋಗಕ್ಕೆ ಕೊಟ್ಟದ್ದು ನಮ್ಮದೇ ವಿಧಾನಮಂಡಲ. ಆಗ ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಬಂತು; ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂಬ ಸಬೂಬು ಮುಂದುವರಿಯಿತು. ರಾಜ್ಯಪಾಲರಿಗೂ ಸರ್ಕಾರಕ್ಕೂ ಜಟಾಪಟಿಯಾದರೆ ಟಿವಿಯಲ್ಲಿ ಹಗಲೆಲ್ಲ ಚರ್ಚೆ. ಇಲ್ಲಿ ಜಟಾಪಟಿಯೇ ಇಲ್ಲವಲ್ಲ, ಚರ್ಚೆ ಎಲ್ಲಿಂದ ಬರಬೇಕು? ಪಕ್ಷಗಳ ನಡುವೆ ಇಷ್ಟು ಸೊಗಸಾದ ಸಹಕಾರ ನಾನು ಬೇರೆಲ್ಲೂ ಕಂಡಿಲ್ಲ.

ಮಳವಳ್ಳಿ ಕಡೆಯ ಹಳ್ಳಿ ಶಾಲೆಯ ಚಾವಣಿ ಸೋರಿದರೆ, ಮದ್ದೂರು ಕಡೆಯ ಪಶು ಆಸ್ಪತ್ರೆಗೆ ಡಾಕ್ಟರು ಬಾರದಿದ್ದರೆ, ಸಭೆಯಲ್ಲಿ ಎದ್ದು ನಿಂತು ಅಧಿಕಾರಿಯನ್ನು ಕೇಳುವ ಸದಸ್ಯರಿಲ್ಲ. ಎಲ್ಲದಕ್ಕೂ ಶಾಸಕರ ಮನೆ ಬಾಗಿಲು ಕಾಯಬೇಕು. ಅವರಿಗೂ ಅದೇ ಬೇಕು.

ನಾವು ಶಿವಪುರದ ನೆಲದವರು. 1938ರ ಏಪ್ರಿಲ್‌ನಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರದ ನಿಷೇಧ ಮೀರಿ ಅಲ್ಲಿ ಬಾವುಟ ಹಾರಿಸಿ ಜೈಲಿಗೆ ಹೋದವರು ಕೇಳಿದ್ದೇನು? ಮೈಸೂರಲ್ಲಿ ಪ್ರಜಾಪ್ರತಿನಿಧಿ ಸಭೆ 1881ರಿಂದಲೇ ಇತ್ತು, ಆದರೆ ಅದರ ಮಾತಿಗೆ ದಿವಾನರು ಕಟ್ಟುಬೀಳಬೇಕಿರಲಿಲ್ಲ. ಜನರು ಆರಿಸಿದವರಿಗೆ ಉತ್ತರ ಹೇಳುವ ಸರ್ಕಾರ ಬೇಕು ಎಂದರು. ಇಂದಿನ ಆಡಳಿತಾಧಿಕಾರಿಯ ಮುಂದೆ ಅಂದಿನಷ್ಟು ಸಭೆಯೂ ಇಲ್ಲ.

ಶಾಸಕರೇ, ನೀವು ಒಪ್ಪಿದ ಮಸೂದೆಯನ್ನು ರಾಜ್ಯಪಾಲರು ತಡೆಹಿಡಿದರೆ ಪ್ರಜಾಪ್ರಭುತ್ವದ ಕೊಲೆ ಎನ್ನುತ್ತೀರಿ. ಎನ್ನಿ, ನಾವೂ ದನಿಗೂಡಿಸುತ್ತೇವೆ. ಅದೇ ಬಾಯಲ್ಲಿ ಹೇಳಿ: ನಮ್ಮ ಮತವನ್ನು ತಡೆಹಿಡಿದವರು ಯಾರು?

ಬಂಧುಗಳೇ, ಗ್ರಾಮ ಪಂಚಾಯಿತಿಗಳನ್ನು ಆರಿಸಿದ್ದು 2020ರ ಡಿಸೆಂಬರ್‌ನಲ್ಲಿ. ಅವುಗಳಿಗೂ ಐದೇ ವರ್ಷ. ಅವಕ್ಕೂ ಇದೇ ಗತಿ ತಂದರೆ ಸುಮ್ಮನಿರಬೇಡಿ. ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ ಚುನಾವಣಾ ಆಯೋಗಕ್ಕೂ ರಾಜ್ಯಪಾಲರಿಗೂ ಕಳುಹಿಸಿ. ಜಾತ್ರೆಗೋ ಬೀಗರೂಟಕ್ಕೋ ಶಾಸಕರು ಬಂದಾಗ ಹಾರ ಆಮೇಲೆ ಹಾಕಿ, ಚುನಾವಣೆಯ ದಿನಾಂಕ ಮೊದಲು ಕೇಳಿ.