ಆಫ್ರಿಕಾ ಅಂದ ಕೂಡಲೇ ನಗೋದು ಯಾಕ?

1/7
ದುಬೈಗೆ ಹೋದವ "ಫಾರಿನ್ ರಿಟರ್ನ್". ಜರ್ಮನಿಗೆ ಹೋದವ ಊರಿಗೇ ಹೆಮ್ಮೆ, ಬಸ್‌ಸ್ಟ್ಯಾಂಡಿನಾಗ ಬ್ಯಾನರ್. ಆಫ್ರಿಕಾಕ್ಕ ಹೋದವ? "ಅಲ್ಲೇನ್ ಹುಲಿ ಕಾಯಾಕ ಹೋಗ್ಯಾನೇನ?" ಅಂತ ನಗತೀವಿ. ಆಫ್ರಿಕಾದ ಕಾಡಿನಾಗ ಹುಲಿನ ಇಲ್ಲ. ಅಷ್ಟೂ ಗೊತ್ತಿಲ್ಲದ ನಗೋದು.

ನಮ್ಮ ಕಾಕಾನ ಮಗ, ಅಣ್ಣ, ಬೋಟ್ಸ್ವಾನಾದ ರಾಜಧಾನಿ ಗಾಬೊರೋನ್‌ನಾಗ ಹೋಲ್‌ಸೇಲ್ ಅಂಗಡಿ ಲೆಕ್ಕ ಬರೀತಾನ. ಜೋಡಿ ಕೆಲಸ ಮಾಡೋ ಹುಡುಗನ ಮದುವಿಗೆ ಹೋಗಿ ಫೋಟೋ ಹಾಕಿದ್ದ. ಅದರ ಕೆಳಗ ನಮ್ಮ ಕಡೆ ಹುಡುಗರು ಬರೆದ ಕಮೆಂಟು ಇಲ್ಲಿ ಹೇಳೋ ಹಂಗಿಲ್ಲ. ಬಣ್ಣ, ಕೂದಲು, ಮೂಗು, ಏನೂ ಬಿಟ್ಟಿಲ್ಲ. ಆ ಮದುಮಗ ಟ್ರಾನ್ಸ್‌ಲೇಟ್ ಒತ್ತಿ ಎಲ್ಲಾ ಓದ್ಯಾನ. ಮರುದಿನ ಅವನ ಪಕ್ಕದ ಕುರ್ಚಿಯಾಗ ಕುಂದರಬೇಕಾದವ ಅಣ್ಣ, ಕಮೆಂಟ್ ಹಾಕಿದವರಲ್ಲ.

2/7
ಬಿ.ಕಾಂ. ಓದೋರು ನಾವು, ಲೆಕ್ಕದಿಂದ ಶುರು ಮಾಡೋಣ.

ಆಫ್ರಿಕಾ ಒಂದು ದೇಶ ಅಲ್ಲ, 54 ದೇಶಗಳ ಖಂಡ. ಅದರಾಗ ಬೋಟ್ಸ್ವಾನಾ ಒಂದೇ ಕರ್ನಾಟಕದ ಮೂರು ಪಟ್ಟು ದೊಡ್ಡದು. ಜನ ಮಾತ್ರ ಸುಮಾರು 24 ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 2011ರಲ್ಲೇ 47 ಲಕ್ಷ ದಾಟಿತ್ತು. 1966ರಲ್ಲಿ ಸ್ವಾತಂತ್ರ್ಯ ಬಂದಾಗ ಅದು ಜಗತ್ತಿನ ಕಡುಬಡ ದೇಶಗಳಲ್ಲಿ ಒಂದು. ಮರುವರ್ಷ ಒರಾಪಾದಲ್ಲಿ ವಜ್ರ ಸಿಕ್ಕಿತು. ಇವತ್ತು ಅವರ ತಲಾ ಆದಾಯ ನಮ್ಮ ದೇಶದ ಎರಡು ಪಟ್ಟಿಗಿಂತ ಜಾಸ್ತಿ. ಈಗ ನಗ್ರಿ ನೋಡೋಣ.

ಅವರ ರೊಕ್ಕದ ಹೆಸರು ಪುಲಾ. ಸೆಟ್ಸ್ವಾನಾ ಭಾಷೆಯಲ್ಲಿ ಪುಲಾ ಅಂದ್ರ ಮಳೆ. ಕಲಹರಿ ಮರುಭೂಮಿ ಇರೋ ನಾಡು, ರೊಕ್ಕಕ್ಕ ಮಳಿ ಹೆಸರು ಇಟ್ಟೈತಿ. ಮಳಿ ಕೈಕೊಟ್ಟ ವರ್ಷ ಸೊಸೈಟಿ ಸಾಲ ತೀರಿಸಾಕ ಒದ್ದಾಡೋ ನಮ್ಮ ಮನಿಗಳಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾ?

3/7
ಈ ಫೋಟೋದಾಗಿರೋದು ನಮ್ಮವ್ವ ಬಡಿದ ಜೋಳದ ರೊಟ್ಟಿ. ಜೋಳದ ತವರು ಯಾವುದು ಗೊತ್ತಾ? ಆಫ್ರಿಕಾ. ಸಾವಿರಾರು ವರ್ಷದ ಹಿಂದ ಅಲ್ಲಿಂದ ಇಲ್ಲಿಗೆ ಬಂತು. ಬೋಟ್ಸ್ವಾನಾದವರು ಇದೇ ಜೋಳದ ಹಿಟ್ಟಿನಾಗ "ಬೊಗೊಬೆ" ಮಾಡ್ತಾರ, ನಮ್ಮ ನುಚ್ಚಿನ ಅಣ್ಣತಮ್ಮ ಅನ್ನಬಹುದು.

ಅಲ್ಲಿ ಅಂಗಡಿಗೆ ಹೋದ್ರ ಮೊದಲು "ಎಷ್ಟು ರೇಟು" ಅನ್ನೋ ಹಂಗಿಲ್ಲ. ಗಂಡಸಾದ್ರ "ದುಮೆಲಾ ರ್ರಾ", ಹೆಣ್ಣಮಗಳಾದ್ರ "ದುಮೆಲಾ ಮ್ಮಾ" ಅಂತ ನಮಸ್ಕಾರ ಹೇಳಿ ಆಮ್ಯಾಲೆ ವ್ಯವಹಾರ. ಮ್ಮಾ! ನಮ್ಮ "ಯಮ್ಮಾ" ನೆನಪಾಗೂದಿಲ್ಲಾ?

ಊರೊಳಗ ಓಡಾಡಾಕ ಕಾಂಬಿ ಅನ್ನೋ ಮಿನಿಬಸ್ಸು. ಗಾಬೊರೋನ್ ಗಡಿ ಊರು. ಖರೀದಿಗೆ ದಕ್ಷಿಣ ಆಫ್ರಿಕಾಕ್ಕ ದಾಟಿ ಹೋಗ್ತಾರ, ನಾವು ನಿಪ್ಪಾಣಿ ದಾಟಿ ಕೊಲ್ಹಾಪುರಕ್ಕ ಹೋದಂಗ. ಫರಕು ಇಷ್ಟೇ, ಅವರು ಪಾಸ್‌ಪೋರ್ಟ್ ತೋರಿಸಬೇಕು.

4/7
ಅಲ್ಲಿ ಹೋದ ನಮ್ಮವರೂ ಸಾಚಾ ಅಲ್ಲ. ಅಣ್ಣ ಹೇಳೋ ಪ್ರಕಾರ ಕೆಲವರಿಗೆ ಐದು ವರ್ಷ ಇದ್ರೂ "ದುಮೆಲಾ" ಬಾಯಿಗೆ ಬಂದಿಲ್ಲ. ಎತ್ತರದ ಕಾಂಪೌಂಡು, ನಮ್ಮ ಜನ, ನಮ್ಮ ಟಿವಿ. ಮನಿ ಕೆಲಸದಾಕಿ ಹೆಸರು ಸುದ್ದಾ ಸರಿಯಾಗಿ ಕರೆಯಂಗಿಲ್ಲ. ಊರಿಗೆ ಬಂದಾಗ ಮಾತ್ರ "ಅಲ್ಲಿ ಜನ ಸರಿ ಇಲ್ಲ" ಅಂತ ಭಾಷಣ.

ಇನ್ನೊಂದು ಮಾತು. ಅಲ್ಲಿ ದುಡಿಯಾಕ ಪರ್ಮಿಟ್ ಬೇಕು, ಸ್ಥಳೀಯರಿಗೆ ಮೊದಲ ಆದ್ಯತೆ. ಇದಕ್ಕ ನಮ್ಮವರು ಗೊಣಗ್ತಾರ. 2024ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಸ್ಥಳೀಯರಿಗೆ ಉದ್ಯೋಗ ಮೀಸಲು ಅನ್ನೋ ಮಸೂದೆಗೆ ಸಂಪುಟದಲ್ಲಿ ಒಪ್ಪಿಗೆ ಕೊಟ್ಟು, ಮತ್ತ ತಡೆಹಿಡೀತಲ್ಲ, ಆವಾಗ "ನಮ್ಮ ನೆಲ, ನಮ್ಮ ಕೆಲಸ" ಅಂತ ಸ್ಟೇಟಸ್ ಹಾಕಿದವರು ಯಾರು? ಹೇಳ್ರಿ. ಇಲ್ಲಿ ಹಕ್ಕು ಆಗಿದ್ದು ಅಲ್ಲಿ ಅನ್ಯಾಯ ಹೆಂಗ ಆಗ್ತದ?

5/7
ಇದು ಹಳೇ ರೋಗ. 1860ರ ನವೆಂಬರ್ 16ಕ್ಕೆ ಮದ್ರಾಸಿನಿಂದ ಹೊರಟ ಟ್ರೂರೊ ಹಡಗು ಡರ್ಬನ್ ಮುಟ್ಟಿತು. ಅಲ್ಲಿಂದ 1911ರ ತನಕ ಸುಮಾರು ಒಂದೂವರೆ ಲಕ್ಷ ಭಾರತೀಯರು ಕರಾರು ಕೂಲಿಗಳಾಗಿ ಕಬ್ಬಿನ ತೋಟಕ್ಕ ಹೋದರು. ಬಿಳಿಯರು ಅವರನ್ನ "ಕೂಲಿ" ಅಂತಲೇ ಹೀಯಾಳಿಸಿದರು.

1893ರಲ್ಲಿ ಪೀಟರ್‌ಮಾರಿಟ್ಜ್‌ಬರ್ಗ್ ಸ್ಟೇಷನ್ನಿನಾಗ ಗಾಂಧೀಜಿನ ರೈಲಿನಿಂದ ಹೊರಗ ಹಾಕಿದ್ದು ಎಲ್ಲರಿಗೂ ಗೊತ್ತು. ಆದ್ರ ಅದೇ ಕಾಲದಾಗ ಡರ್ಬನ್ ಅಂಚೆ ಕಚೇರಿಯಲ್ಲಿ ಆಫ್ರಿಕನ್ನರ ಜೋಡಿ ಒಂದೇ ಬಾಗಿಲು ಬೇಡ, ಭಾರತೀಯರಿಗೆ ಬೇರೆ ಬಾಗಿಲು ಬೇಕು ಅಂತ ಅವರೂ ಕೇಳಿದ್ದರು. ಆಗಿನ ಇಂಥ ಬರಹಗಳ ಸಲುವಾಗಿಯೇ ಘಾನಾ ವಿಶ್ವವಿದ್ಯಾಲಯದಿಂದ 2018ರಲ್ಲಿ ಅವರ ಪ್ರತಿಮೆ ತೆಗೆದರು. ಮುಂದ ಗಾಂಧೀಜಿ ಬದಲಾದರು. ನೂರಾ ಮೂವತ್ತು ವರ್ಷ ಆತು, ನಾವು ಇನ್ನೂ ಬೇರೆ ಬಾಗಿಲೇ ಕೇಳ್ತಾ ಇದ್ದೀವಿ.

6/7
"ಅಲ್ಲಿಯವರೂ ಹೊರಗಿನವರನ್ನ ಹೊಡೀತಾರಲ್ಲ?" ಅಂತ ಕೇಳ್ತೀರಿ. ಖರೆ. 2008ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹೊರಗಿನವರ ಮೇಲಿನ ದಾಳಿಗಳಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಅದು ತಪ್ಪು. ಅದೇ ತಪ್ಪು ಇಲ್ಲಾದ್ರ ಸರಿ ಆಗ್ತದೇನು?

2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಸುಡಾನ್ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಒಬ್ಬ ಹೆಣ್ಣಮಗಳು ತೀರಿಹೋದರು. ಅದಾದ ಮ್ಯಾಲೆ ಆ ದಾರಿಗೆ ಬಂದ ಟಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಬಿತ್ತು, ಕಾರಿಗೆ ಬೆಂಕಿ ಹಚ್ಚಿತು. ಯಾವ ಸುಡಾನ್, ಯಾವ ಟಾಂಜಾನಿಯಾ? ಬಣ್ಣ ನೋಡಿ ಹೊಡೆದರು.

ನಮ್ಮ ಜಿಲ್ಲಾದಾಗ, ಖಾನಾಪುರ ತಾಲೂಕಿನಾಗ ಸಿದ್ದಿಗಳು ಅದಾರ. ಅವರ ಪೂರ್ವಜರಲ್ಲಿ ಹಲವರನ್ನ ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನಾಗಿ ಗೋವಾಕ್ಕ ತಂದಿದ್ದರು. ತಲೆಮಾರುಗಳಿಂದ ಇಲ್ಲೇ ಇದ್ದು, ಕನ್ನಡ, ಕೊಂಕಣಿ ಆಡೋ ಜನ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣ ಆದರು. ಆದ್ರೂ ಬಸ್ಸಿನಾಗ ಸಿದ್ದಿ ಹುಡುಗ ಕಂಡ್ರ ನಾವು ಕೇಳೋದು "ಯಾವ ದೇಶ?"

7/7
ಕೊಲ್ಹಾಪುರದಾಗ ಯಾರಾದ್ರೂ ನಮ್ಮ ಕನ್ನಡ ಕೇಳಿ ಮುಖ ತಿರುವಿದ್ರ ಎಷ್ಟು ಉರೀತದ! ಗಡಿಯಾಗ ಹುಟ್ಟಿದ ನಮಗ "ಹೊರಗಿನವ" ಅನ್ನೋ ಮಾತಿನ ತೂಕ ಬ್ಯಾರೆ ಯಾರಿಗಿಂತಲೂ ಜಾಸ್ತಿ ಗೊತ್ತಿರಬೇಕು.

ನಿಮ್ಮಲ್ಲಿ ಎಷ್ಟೋ ಮಂದಿ ಡಿಗ್ರಿ ಮುಗಿಸಿ ಹೊರಗ ಹೋಗೋರೇ. ಲುಸಾಕಾ ಆಗಲಿ, ಜೋಹಾನ್ಸ್‌ಬರ್ಗ್ ಆಗಲಿ, ಹೋಗ್ರಿ. ಏಜೆಂಟ್ ಮಾತು ನಂಬಬ್ಯಾಡ್ರಿ, ಪರ್ಮಿಟ್ ಕಾಗದ ಕೈಗೆ ಬರೋ ತನಕ ರೊಕ್ಕ ಕೊಡಬ್ಯಾಡ್ರಿ. ಪಗಾರದ ಲೆಕ್ಕ ಹಾಕುವಾಗ ಅಲ್ಲಿನ ಬಾಡಿಗೆ ಕಳೀರಿ. ವಿಮಾನ ಹತ್ತೋಕ್ಕಿಂತ ಮೊದಲು ಅಲ್ಲಿನ ಭಾಷೆಯಾಗ ನಮಸ್ಕಾರ ಹೇಳೋದು ಕಲೀರಿ. ಅದಕ್ಕ ವೀಸಾ ಬೇಕಿಲ್ಲ.

ವಾದ ಮಾಡೋರು ಕೆಳಗ ಬರ್ರಿ, ಎಲ್ಲಾರಿಗೂ ಉತ್ತರ ಕೊಡ್ತೀನಿ. ಬೈಗುಳ ಬಂದ್ರ ಬ್ಲಾಕ್.

#ಕಣಗಲಾ #ಹುಕ್ಕೇರಿ #ಬಿಕಾಂಹುಡುಗರು #ದುಮೆಲಾ