ಹೂವಿನ ಸರದಿ

ಫಾಲ್ಗುಣ ಕಾಲಿಟ್ಟಿತೆಂದರೆ ಬೆಂಗಳೂರಿನ ಭಾನುವಾರದ ಬೆಳಗಿಗೆ ಹೊಸ ಕಳೆ. ಕೊರಳಿಗೆ ಕ್ಯಾಮೆರಾ ಇಳಿಬಿಟ್ಟ ಗೃಹಸ್ಥರು, ಮಕ್ಕಳ ಕೈಹಿಡಿದ ಗೃಹಿಣಿಯರು ಕಬ್ಬನ್ ಉದ್ಯಾನದತ್ತ ಹೊರಡುತ್ತಾರೆ. ಎಲೆ ಕಾಣದಂತೆ ಗುಲಾಬಿ ಬಣ್ಣದ ಹೂ ಹೊತ್ತ ಟಬೆಬುಯಾ ಮರದಡಿಯಲ್ಲಿ ಚಿತ್ರ ತೆಗೆಯುವ ಸಂಭ್ರಮವೇ ಸಂಭ್ರಮ. ಬಿಸಿಲೇರುವ ಮುನ್ನ ಹೋದವರಿಗೆ ಒಳ್ಳೆಯ ಚಿತ್ರ; ನಾಳೆ, ನಾಡಿದ್ದು ಎಂದು ತಡೆದವರಿಗೆ ನೆಲದ ಮೇಲಿನ ಹೂ ಮಾತ್ರ.

ಆದರೂ ಅವರು ನಿರಾಶರಾಗಬೇಕಿಲ್ಲ. ಗುಲಾಬಿ ಮಾಸುವಷ್ಟರಲ್ಲಿ ಜಕರಂಡದ ತಿಳಿನೇರಳೆ. ಅದರ ಬೆನ್ನಿಗೇ ಗುಲ್‌ಮೊಹರಿನ ಕೆಂಪು. ಈ ಸರದಿ ಆಕಸ್ಮಿಕವಲ್ಲ. 1908ರಲ್ಲಿ ಬೆಂಗಳೂರಿಗೆ ಬಂದು ಮುಂದೆ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್ಲರು, ಒಂದು ಬೀದಿಯ ಹೂ ಬಾಡುವಾಗ ಇನ್ನೊಂದು ಬೀದಿ ಅರಳುವಂತೆ ಸಾಲುಮರಗಳನ್ನು ಆರಿಸಿ ನೆಡುವ ಪದ್ಧತಿಗೆ ತಳಹದಿ ಹಾಕಿದರು; 1956ರಲ್ಲಿ ಈ ನಗರದಲ್ಲಿಯೇ ಮಣ್ಣಾದರು. ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಮರಗಳೂ ಪರದೇಶದವು, ನೆಡಿಸಿದವರೂ ಪರದೇಶದವರು; ನೆರಳು ಮಾತ್ರ ಬೆಂಗಳೂರಿನದು.

ರಸ್ತೆ ಅಗಲವಾಗಲೆಂದು ಇಂಥದೊಂದು ಸಾಲನ್ನು ಉರುಳಿಸಿದರೆ, ಊರಿನ ಪಂಚಾಂಗದಿಂದ ಒಂದು ಹಾಳೆಯನ್ನೇ ಹರಿದಂತೆ. ಹೂವಿನ ಚಿತ್ರ ಹಿಡಿದ ಕೈ ಒಂದು ಸಸಿಯನ್ನೂ ನೆಟ್ಟು ನೀರೆರೆದರೆ, ಮೊಮ್ಮಕ್ಕಳ ಕ್ಯಾಮೆರಾಕ್ಕೂ ಒಂದು ವಸಂತ ಉಳಿದೀತು.