ಮೊದಲ ಹೊಲಿಗೆ ಯಂತ್ರ: ಹಳೆಯದೇ ಇರಲಿ!



ಬೇಸಿಗೆ ಹತ್ತಿರ ಬಂತೆಂದರೆ ಇಂಗ್ಲೆಂಡಿನ ನಮ್ಮ ಮನೆಗಳಲ್ಲಿ ಮಕ್ಕಳ ಡ್ಯೂಕ್ ಆಫ್ ಎಡಿನ್‌ಬರೋ ಅವಾರ್ಡಿನ ಗಡಿಬಿಡಿ ಶುರು. ಬ್ರಾಂಜ್ ಹಂತಕ್ಕೇ ಎರಡು ಹಗಲು, ಒಂದು ರಾತ್ರಿ ಬೆನ್ನಿಗೆ ಚೀಲ ಹೊತ್ತು ನಡೆಯಬೇಕು. ಚೀಲ, ಅದಕ್ಕೊಂದು ಮಳೆಗವಸು, ಒಳಗೆ ಹಾಕುವ ಸಣ್ಣ ಚೀಲಗಳು ಅಂತ ಅಂಗಡಿಯ ಬಿಲ್ಲು ಬೆಳೆಯುತ್ತಲೇ ಹೋಗುತ್ತದೆ. ಅದನ್ನು ನೋಡಿ ನಮ್ಮ ಮಗಳು, "ಅಮ್ಮಾ, ನಾವೇ ಹೊಲಿದರೆ ಆಗಲ್ವಾ?" ಅಂದಳು. ಆಗುತ್ತೆ. ಆದರೆ ಯಂತ್ರ ಕೊಳ್ಳುವಾಗ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಈ ನಾಲ್ಕು ಮಾತು.

ಐಟಿ ಮಂದಿ ನಾವು, ಗುಂಡಿ, ಪರದೆ ಕಂಡರೆ ಮರುಳಾಗುತ್ತೇವೆ. ನೂರು ಬಗೆಯ ಹೊಲಿಗೆ ಹಾಕುವ ಕಂಪ್ಯೂಟರ್ ಯಂತ್ರವನ್ನೇ ತಂದೆ. ಸೀರೆಗೆ ಫಾಲ್ಸ್ ಹಾಕುವಷ್ಟು ದಿನ ಅದು ಬಂಗಾರ. ದಪ್ಪ ಕಾರ್ಡುರಾ ಬಟ್ಟೆಯನ್ನು ಮಡಿಸಿ, ಮೇಲೊಂದು ನೈಲಾನ್ ಪಟ್ಟಿ ಇಟ್ಟ ದಿನ ಸೂಜಿ ಟಕ್ಕೆಂದು ಮುರಿಯಿತು, ಪರದೆಯಲ್ಲಿ ಎಂಥದೋ ಸಂದೇಶ ಬಂತು, ಯಂತ್ರ ಮೌನವ್ರತ ಹಿಡಿಯಿತು. ರಿಪೇರಿಗೆ ಕೇಳಿದ ದುಡ್ಡು ಹೊಸದರ ಬೆಲೆಗೆ ಹತ್ತಿರ ಹತ್ತಿರ!

ನನ್ನ ಅಭಿಪ್ರಾಯ ಇಷ್ಟೇ. ಚೀಲ ಹೊಲಿಯಲು ಬೇಕಾದ ಮೊದಲ ಯಂತ್ರ ಹಳೆಯದಾಗಿರಲಿ, ಕಬ್ಬಿಣದ್ದಾಗಿರಲಿ, ನೇರ ಹೊಲಿಗೆ ಒಂದನ್ನೇ ಹಾಕಿದರೂ ಸರಿ. ಇಲ್ಲಿನ ಚಾರಿಟಿ ಅಂಗಡಿಗಳಲ್ಲಿ ಸಿಂಗರ್ 99ಕೆ, 201ಕೆ ಯಂತ್ರಗಳು ಇಂದಿಗೂ ಕಾಣಸಿಗುತ್ತವೆ. ನಮಗೆ 40 ಪೌಂಡಿಗೆ ಕೈಯಲ್ಲಿ ತಿರುಗಿಸುವ 99ಕೆ ಸಿಕ್ಕಿತು. ಆ 'ಕೆ' ಅಂದರೆ ಕಿಲ್‌ಬೋವಿ. ಗ್ಲಾಸ್ಗೋ ಪಕ್ಕದ ಕ್ಲೈಡ್‌ಬ್ಯಾಂಕಿನಲ್ಲಿದ್ದ, 1980ರಲ್ಲಿ ಮುಚ್ಚಿದ ಕಾರ್ಖಾನೆ ಅದು. ಅಲ್ಲಿಂದ ಯಂತ್ರಗಳು ಹಡಗೇರಿ ಭಾರತಕ್ಕೂ ಹೋಗುತ್ತಿದ್ದವು. ಕಪ್ಪು ಮೈ, ಚಿನ್ನದ ಬಣ್ಣದ ಬಳ್ಳಿ! ಊರಿನ ದರ್ಜಿ ಅಂಗಡಿಯಲ್ಲಿ ನೋಡಿದ ನೆನಪು ನಿಮಗೂ ಇರಬೇಕು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಕೈಹಿಡಿಯ ಯಂತ್ರದಲ್ಲಿ ಒಂದೊಂದೇ ಹೊಲಿಗೆ ನಿಧಾನವಾಗಿ ಹಾಕಬಹುದು. ದಪ್ಪ ಜಾಗ ಬಂದಾಗ ಕೈಗೇ ಗೊತ್ತಾಗುತ್ತದೆ. "ಜಿಗ್‌ಜಾಗ್ ಇಲ್ಲದೆ ಪಟ್ಟಿ ಗಟ್ಟಿ ಮಾಡೋದು ಹೇಗೆ?" ಎಂದು ಕೇಳಬಹುದು. ಪಟ್ಟಿ ಸೇರುವಲ್ಲಿ ಚೌಕ ಹೊಲಿದು, ನಡುವೆ ಗುಣಾಕಾರದ ಗುರುತಿನಂತೆ ಎರಡು ಸಲ ಹೊಲಿಯಿರಿ, ಸಾಕು. "ಕಾರ್ಖಾನೆಯ ಯಂತ್ರವನ್ನೇ ತಂದರೆ?" ಅದಕ್ಕೆ ಮೇಜು ಬೇಕು, ಜಾಗ ಬೇಕು, ಅದರ ವೇಗಕ್ಕೆ ಕಲಿಯುವವರ ಬೆರಳು ಹೆದರುತ್ತದೆ. ತಿಂಗಳಿಗೊಂದು ದೊಡ್ಡ ಚೀಲ ಹೊಲಿಯುವ ಕಾಲ ಬಂದಾಗ ನೋಡೋಣ. 99ಕೆ ಚಿಕ್ಕದು, ತೀರಾ ದಪ್ಪ ದಾರ ಅದಕ್ಕೆ ಒಗ್ಗದು ಎಂಬುದನ್ನೂ ಹೇಳಿಬಿಡುತ್ತೇನೆ.

ಕೊಳ್ಳುವಾಗ ನೀವು ಹೊಲಿಯಬೇಕೆಂದಿರುವ ಬಟ್ಟೆಯನ್ನೇ ಜೊತೆಗೆ ಒಯ್ಯಿರಿ. ನಾಲ್ಕು ಪದರ ಮಡಿಸಿ ಹೊಲಿದು ನೋಡಿ, ಮೇಲೂ ಕೆಳಗೂ ಹೊಲಿಗೆ ಒಂದೇ ಸಮ ಇರಬೇಕು. ಚಕ್ರ ಸಲೀಸಾಗಿ ತಿರುಗಬೇಕು. ಬಾಬಿನ್, ಸೂಜಿ ಈಗಲೂ ಸಿಗುತ್ತವೆಯೇ ವಿಚಾರಿಸಿ. ನಾನು ಹೇಳಿದ ಎರಡಕ್ಕೂ ಇಂದಿನ ಸಾಮಾನ್ಯ ಸೂಜಿಯೇ ಆಗುತ್ತದೆ. ಹಳೆಯ ಮೋಟಾರು ಇದ್ದರೆ ಎಲೆಕ್ಟ್ರಿಶಿಯನ್‌ಗೆ ವೈರು ತೋರಿಸದೆ ಪ್ಲಗ್ ಹಾಕಲೇಬೇಡಿ.

ತೆಳು ನೈಲಾನಿಗೆ 80ರ ಸೂಜಿ, ಕಾರ್ಡುರಾಕ್ಕೆ 100ರದು, ಹೊಲಿಗೆಯ ಉದ್ದ ಸುಮಾರು 3 ಮಿಲಿಮೀಟರ್. ದಾರ ಪಾಲಿಯೆಸ್ಟರೇ ಆಗಬೇಕು. ಹತ್ತಿ ದಾರ ನೆಂದು ನೆಂದು ಕೊಳೆಯುತ್ತದೆ, ಇಲ್ಲಿನ ಮಳೆ ಗೊತ್ತಲ್ಲ! ಮಳೆ ತಡೆಯುವ ಬಟ್ಟೆಗೆ ಗುಂಡುಸೂಜಿ ಚುಚ್ಚಿದರೆ ತೂತು ಉಳಿಯುತ್ತದೆ, ಕ್ಲಿಪ್ ಹಾಕಿ. ಮೊದಲು ದಾರ ಎಳೆದು ಬಾಯಿ ಮುಚ್ಚುವ ಸಣ್ಣ ಚೀಲ ಹೊಲಿಯಿರಿ, ಬೆನ್ನಚೀಲ ಆಮೇಲೆ. ಬಂಡೆ ಹತ್ತುವ ಬೆಲ್ಟು, ಹಗ್ಗಗಳನ್ನು ಮಾತ್ರ ಮನೆಯಲ್ಲಿ ಮಾಡಬೇಡಿ, ಅದು ಜೀವದ ಪ್ರಶ್ನೆ.

ಹಣ ಉಳಿಸಲೆಂದೇ ಇದನ್ನೆಲ್ಲ ಬರೆಯುತ್ತಿಲ್ಲ. ಬಟ್ಟೆಯ ಖರ್ಚು ಕೂಡಿಸಿದರೆ ಮೊದಲ ಚೀಲದಲ್ಲಿ ಉಳಿತಾಯ ಅಷ್ಟಕ್ಕಷ್ಟೇ. "ಓದೋ ಹುಡುಗಿಗೆ ದರ್ಜಿ ಕೆಲಸ ಯಾಕೆ?" ಎಂದು ಊರಿನಿಂದ ಫೋನಿನಲ್ಲಿ ಕೇಳಿದವರಿದ್ದಾರೆ. ನಮ್ಮಮ್ಮ ಉಷಾ ಯಂತ್ರ ತುಳಿದು ನಮ್ಮ ಸ್ಕೂಲ್ ಬ್ಯಾಗ್ ಹೊಲಿದಾಗ ಯಾರೂ ಹಾಗೆ ಕೇಳಿರಲಿಲ್ಲ. ನಾನು ಆ ಯಂತ್ರ ಮುಟ್ಟಲಿಲ್ಲ, ಓದಿನ ನೆಪ ಹೇಳಿದೆ. ಒಂದು ತಲೆಮಾರು ದಾಟುವಷ್ಟರಲ್ಲಿ ಆ ವಿದ್ಯೆ ನಮ್ಮ ಮನೆಯಿಂದ ಹೊರಟೇ ಹೋಗಿತ್ತು. ಈಗ ಮಗಳು ಹಿಡಿ ತಿರುಗಿಸುತ್ತಾಳೆ, ಅಮ್ಮ ವೀಡಿಯೋ ಕರೆಯಲ್ಲಿ "ಬಾಬಿನ್ ಸರಿಯಾಗಿ ಕೂತಿಲ್ಲ ನೋಡು ಪುಟ್ಟಿ" ಎನ್ನುತ್ತಾರೆ. ನೂರು ಹೊಲಿಗೆಯ ಯಂತ್ರದ ಬಗ್ಗೆ ಅಮ್ಮನಿಗೆ ಹೇಳಲು ಏನೂ ಇರಲಿಲ್ಲ. ಇದರ ಬಗ್ಗೆ ಎಲ್ಲವೂ ಗೊತ್ತು.

ನಿಮ್ಮ ಅಟ್ಟದಲ್ಲಿ ಅಂಥದೊಂದು ಯಂತ್ರ ಇದೆಯೇ? ಒಂದು ತೊಟ್ಟು ಎಣ್ಣೆ ಬಿಟ್ಟು ಕೆಳಗಿಳಿಸಿ. ನಿಮಗೆ ಬೇಡವಾದರೆ ಬಳಗದ ಇನ್ನೊಂದು ಮನೆಗೆ ಕೊಡಿ. ಏನಂತೀರಿ?